ನಾಯಕನ ಗುಣ ಬರೆದವರು

ಪ್ರತಿವರ್ಷ ಪರೀಕ್ಷೆಗಳು ಮುಗಿದ ಮೇಲೆ ನಮ್ಮಂಥ ಕಾಲೇಜು ಮೇಷ್ಟರುಗಳಿಗೆ ಒಂದು ಕೆಲಸ ತಪ್ಪದೆ ಬರುತ್ತದೆ. ನಡತೆಯ ಪತ್ರ ಬೇಕೆಂದು ವಿದ್ಯಾರ್ಥಿಗಳು ಬಾಗಿಲಲ್ಲಿ ಸಾಲಾಗಿ ನಿಲ್ಲುತ್ತಾರೆ. ಅಚ್ಚು ಹಾಕಿಸಿದ ನಮೂನೆಯಲ್ಲಿ ಹೆಸರು, ತಂದೆಯ ಹೆಸರು, ತರಗತಿ ಇಷ್ಟನ್ನು ತುಂಬಿ, ಕೊನೆಗೆ ‘ನಡತೆ ಒಳ್ಳೆಯದು’ ಎಂದು ಬರೆದು ರುಜು ಹಾಕುತ್ತೇವೆ. ಒಂದು ಬೆಳಗಿನಲ್ಲಿ ಅರವತ್ತು ಎಪ್ಪತ್ತು ಪತ್ರಗಳಾದರೂ ಕೈ ನೋಯುತ್ತದೆಯೇ ಹೊರತು ಮನಸ್ಸು ನೋಯುವುದಿಲ್ಲ. ಆ ಅರವತ್ತು ಜನರಲ್ಲಿ ಇಪ್ಪತ್ತು ಜನರ ಮುಖವೂ ನಮಗೆ ಸರಿಯಾಗಿ ನೆನಪಿರುವುದಿಲ್ಲವೆಂಬುದನ್ನು ಒಪ್ಪಿಕೊಳ್ಳಬೇಕು.

ಹೊಸಪೇಟೆಯಲ್ಲಿ ನಮ್ಮ ಮನೆಗೆ ನಾಲ್ಕು ಮನೆ ಆಚೆ, ಸೇನೆಯಲ್ಲಿ ಹವಾಲ್ದಾರರಾಗಿದ್ದು ನಿವೃತ್ತರಾದವರೊಬ್ಬರಿದ್ದಾರೆ. ಅವರ ಮಗನಿಗೂ ಹೀಗೆಯೇ ಒಂದು ಪತ್ರ ಬರೆದುಕೊಟ್ಟೆ. ಅವರು ಅದನ್ನು ಕನ್ನಡಕ ಏರಿಸಿ ಓದಿ, ಮಡಿಸಿ ಜೇಬಿನಲ್ಲಿಟ್ಟುಕೊಂಡು ನಕ್ಕರು. “ಮೇಷ್ಟ್ರೆ, ನಿಮ್ಮಲ್ಲಿ ‘ಒಳ್ಳೆಯದು’ ಅಂದ್ರೆ ನೌಕರಿ ಸಿಗ್ತದೆ. ನಮ್ಮಲ್ಲಿ ಬರೀ ‘ಒಳ್ಳೆಯವನು’ ಅಂತ ವರ್ಷ ವರ್ಷ ಬರೆದಿದ್ರೆ ತೋಳಿನ ಮೇಲೆ ಮುಂದಿನ ಪಟ್ಟಿ ಬರ್ತಿರಲಿಲ್ಲ” ಎಂದರು. ಅವರು ಹೋದ ಮೇಲೂ ಆ ಮಾತು ನನ್ನ ತಲೆಯಿಂದ ಹೋಗಲಿಲ್ಲ. ನಾವಿರುವುದು ಒಂದು ದೊಡ್ಡ ಸೇನೆಯ ರಾಜಧಾನಿಯ ಅಂಗಳದಲ್ಲಿ. ಹಂಪೆಯ ಅರಸರನ್ನೂ ದಳಪತಿಗಳನ್ನೂ ಕುರಿತು ನಾವು ಬೇಕಾದಷ್ಟು ಓದಿದ್ದೇವೆ. ಆದರೆ ಅರಸನಿಗೂ ಕಾಲಾಳಿಗೂ ನಡುವೆ ನಿಂತು, ಹತ್ತು ಇಪ್ಪತ್ತು ಜನರನ್ನು ಕೈಕೆಳಗೆ ಇಟ್ಟುಕೊಂಡು ಕೆಲಸ ಮಾಡಿದ ಸಣ್ಣ ನಾಯಕನ ಗುಣಾವಗುಣಗಳನ್ನು ಯಾರು, ಎಲ್ಲಿ, ಯಾವ ಮಾತಿನಲ್ಲಿ ಬರೆದಿಟ್ಟರು? ಈ ಲೇಖನದ ವಿಷಯ ಅಷ್ಟೇ.

ಮೊದಲು ‘ನಾಯಕ’ ಎಂಬ ಶಬ್ದವನ್ನೇ ನೋಡೋಣ. ಇಂದಿನ ಭಾರತೀಯ ಸೇನೆಯಲ್ಲಿ ಸಿಪಾಯಿಯ ಮೇಲಿನ ಮೆಟ್ಟಿಲುಗಳು ಮೂರು: ಒಂದು ಪಟ್ಟಿಯ ಲ್ಯಾನ್ಸ್ ನಾಯಕ್, ಎರಡು ಪಟ್ಟಿಯ ನಾಯಕ್, ಮೂರು ಪಟ್ಟಿಯ ಹವಾಲ್ದಾರ್. ಅವರ ಮೇಲೆ ನಾಯಬ್ ಸುಬೇದಾರ್, ಸುಬೇದಾರ್, ಸುಬೇದಾರ್ ಮೇಜರ್. ಹವಾಲ್ದಾರ್, ಸುಬೇದಾರ್ ಎಂಬಿವು ಪಾರಸಿಯಿಂದ ಬಂದವು. ನಾಯಕ್ ಮಾತ್ರ ನಮ್ಮದೇ ಮಾತು. ಹದಿನಾರನೆಯ ಶತಮಾನದಲ್ಲಿ ಇದೇ ಮಾತು ಸಾವಿರಾರು ಆಳುಗಳನ್ನು ಸಾಕುತ್ತಿದ್ದ ಅಮರನಾಯಕನಿಗೆ ಸಲ್ಲುತ್ತಿತ್ತು. 1520ರ ರಾಯಚೂರಿನ ದಂಡಯಾತ್ರೆಯನ್ನು ವರ್ಣಿಸುವ ಪೋರ್ಚುಗೀಸ್ ವರ್ತಕ ನೂನಿಜನು, ಮುಂಚೂಣಿಯಲ್ಲಿ ಹೋದ ಕಾಮನಾಯಕನ ಕೆಳಗೆ 30,000 ಕಾಲಾಳು, 1,000 ಕುದುರೆ ಇದ್ದುವೆಂದು ಹೇಳುತ್ತಾನೆ. 1565ರ ಸೋಲಿನ ತರುವಾಯ ಈ ಶಬ್ದ ಚಿತ್ರದುರ್ಗ, ಕೆಳದಿ, ಮಧುರೆಗಳಲ್ಲಿ ಸಿಂಹಾಸನವನ್ನೂ ಏರಿತು. ಕೊನೆಗೆ ಈಸ್ಟ್ ಇಂಡಿಯಾ ಕಂಪನಿಯ ದಂಡಿಗೆ ಸೇರಿ, ಬೆರಳೆಣಿಕೆಯ ಸಿಪಾಯಿಗಳ ಮುಖಂಡನ ಹೆಸರಾಗಿ ಉಳಿಯಿತು. ಶಬ್ದ ಕೆಳಗಿಳಿಯಿತೆಂದು ಮರುಗಬೇಕಾಗಿಲ್ಲ. ಮೂವತ್ತು ಸಾವಿರದ ನಾಯಕನ ಗೆಲುವು ನಿಂತದ್ದೂ ಹತ್ತು ಜನರ ನಾಯಕರ ಮೇಲೆಯೇ ಅಲ್ಲವೆ?

ಇಂಥ ಸಣ್ಣ ನಾಯಕರ ಬಗೆಗೆ ನಮ್ಮ ನಾಡಿನಲ್ಲಿ ಉಳಿದಿರುವ ಅತ್ಯಂತ ಹಳೆಯ ಬರವಣಿಗೆಯೆಂದರೆ ವೀರಗಲ್ಲು. ಕಮಲಾಪುರದ ವಸ್ತುಸಂಗ್ರಹಾಲಯದಲ್ಲಿ ಹಂಪೆಯ ಸುತ್ತಣಿಂದ ತಂದ ವೀರಗಲ್ಲುಗಳನ್ನೂ ಮಾಸ್ತಿಗಲ್ಲುಗಳನ್ನೂ ಇರಿಸಿದ್ದಾರೆ. ಸಾಮಾನ್ಯವಾಗಿ ವೀರಗಲ್ಲಿನಲ್ಲಿ ಮೂರು ಅಂತಸ್ತುಗಳು. ಕೆಳಗೆ ಕಾಳಗ, ನಡುವೆ ಅಪ್ಸರೆಯರು ವೀರನನ್ನು ಕೊಂಡೊಯ್ಯುವ ನೋಟ, ಮೇಲೆ ಶಿವಸಾನ್ನಿಧ್ಯ. ನೋಡುವವರು ಮೇಲಿನ ಅಂತಸ್ತಿಗೆ ಕೈಮುಗಿದು ಮುಂದೆ ಹೋಗುತ್ತಾರೆ. ಇತಿಹಾಸದ ವಿದ್ಯಾರ್ಥಿ ಮಾತ್ರ ಕೆಳಗಿನ ಅಂತಸ್ತಿನಲ್ಲಿ ನಿಲ್ಲಬೇಕು. ಅವನು ಏನು ಮಾಡಿದನೆಂಬುದು ಅಲ್ಲಿದೆ.

ಎರಡು ಪ್ರಸಿದ್ಧ ಕಲ್ಲುಗಳನ್ನು ಉದಾಹರಿಸಿದರೆ ಸಾಕು. ಎರಡೂ ಈಗ ಬೆಂಗಳೂರಿನ ಸರ್ಕಾರಿ ವಸ್ತುಸಂಗ್ರಹಾಲಯದಲ್ಲಿವೆ. ಸುಮಾರು 900ರ ಬೇಗೂರಿನ ಕಲ್ಲು, ಗಂಗ ಅರಸ ಎರೆಯಪ್ಪನ ಕಾಲದ್ದು. ವೀರಮಹೇಂದ್ರನ ಮೇಲಣ ಯುದ್ಧಕ್ಕೆ ನಾಗತ್ತರನೆಂಬ ಮುಖಂಡನನ್ನು ಕಳುಹಿಸಲಾಗಿ, ಅವನು ಆನೆಗಳಿಗೆ ಎದುರಾಗಿ ಕಾದಿ ಸತ್ತನು. ಅದನ್ನು ಕೇಳಿದ ಎರೆಯಪ್ಪನು ಇರುಗನೆಂಬವನಿಗೆ ನಾಗತ್ತರನ ಪಟ್ಟವನ್ನು ಕಟ್ಟಿ, ಬೆಂಪೂರು ಹನ್ನೆರಡನ್ನು ಕೊಟ್ಟನು. ಇನ್ನೊಂದು ಮಂಡ್ಯ ಜಿಲ್ಲೆಯ ಆತಕೂರಿನದು, 949-50ರದ್ದು. ರಾಷ್ಟ್ರಕೂಟ ಮೂರನೆಯ ಕೃಷ್ಣನ ಪಕ್ಷದಲ್ಲಿ ಗಂಗ ಬೂತುಗನು ಚೋಳ ರಾಜಾದಿತ್ಯನನ್ನು ತಕ್ಕೋಲದಲ್ಲಿ ಕೊಂದ ಸಂಗತಿ ಅದರಲ್ಲಿದೆ. ಬೂತುಗನ ಮುಂದೆ ನಿಂತು ಕಾದಿದ ಮಣಲೇರನೆಂಬ ವೀರನಿಗೆ ಆತಕೂರನ್ನು ಬಾಳ್ಗಚ್ಚಾಗಿ ಕೊಟ್ಟ ಮಾತೂ ಇದೆ. ಬಾಳ್ ಎಂದರೆ ಕತ್ತಿ, ಕರ್ಚು ಎಂದರೆ ತೊಳೆ. ನೆತ್ತರು ಹತ್ತಿದ ಕತ್ತಿಯನ್ನು ತೊಳೆದು ಕೊಟ್ಟ ಉಂಬಳಿ ಅದು. ಬೇಕಾದುದನ್ನು ಕೇಳೆಂದಾಗ ಮಣಲೇರನು ಕಾಳಿ ಎಂಬ ಬೇಟೆನಾಯಿಯನ್ನು ಬೇಡಿದನು. ಆ ನಾಯಿ ಮುಂದೆ ಹಂದಿಯೊಡನೆ ಕಾದಿ, ಎರಡೂ ಸತ್ತುವು. ಅದಕ್ಕೂ ಕಲ್ಲಿನಲ್ಲಿ ಜಾಗ ದೊರೆಯಿತು.

ಈ ಬರಹಗಳ ಬಿಗಿಯನ್ನು ಗಮನಿಸಬೇಕು. ಯಾರ ಅಪ್ಪಣೆ, ಎದುರಾಳಿ ಯಾರು, ಎಲ್ಲಿ, ಏನು ಮಾಡಿದ, ಪ್ರತಿಯಾಗಿ ಯಾರು ಏನು ಕೊಟ್ಟರು ಎಂಬುದೆಲ್ಲ ಕೆಲವೇ ಸಾಲುಗಳಲ್ಲಿ ಬಂದುಹೋಗುತ್ತದೆ. ಮಿಗಿಲಾಗಿ, ಆ ಕಲ್ಲು ನಿಂತದ್ದು ಊರ ಬಾಗಿಲಲ್ಲಿ, ಕೆರೆಯ ಏರಿಯ ಮೇಲೆ, ಗುಡಿಯ ಮುಂದೆ. ಜೊತೆಯಲ್ಲಿ ಕಾದಿ ಹಿಂದಿರುಗಿದವರು ಅದರ ಮುಂದೆ ದಿನವೂ ನಡೆದಾಡುತ್ತಿದ್ದರು. ನಡೆಯದ ಸಂಗತಿಯನ್ನು ಕೆತ್ತಿಸಿದ್ದರೆ ಅವರಿಗೆ ಗೊತ್ತಾಗದೆ ಇರುತ್ತಿರಲಿಲ್ಲ.

ಹಾಗೆಂದು ವೀರಗಲ್ಲನ್ನು ಹೊಗಳಿ ಕೈಬಿಡುವಂತಿಲ್ಲ. ಅದಕ್ಕೆ ಎರಡು ದೋಷಗಳಿವೆ. ಒಂದು, ಕಾಲ ಹೋದಂತೆ ಮಾತು ಅಚ್ಚು ಕಟ್ಟಿತು. ಎಲ್ಲರೂ ಹಲವರನ್ನು ಇರಿದರು, ಎಲ್ಲರೂ ಸುರಲೋಕಪ್ರಾಪ್ತರಾದರು. ಎಲ್ಲ ವೀರರೂ ಸಮಾನರಾದ ಮೇಲೆ ಯಾವ ವೀರನ ಗುಣವೂ ತಿಳಿಯದು. ಎರಡನೆಯದು ಇನ್ನೂ ದೊಡ್ಡದು. ಕಲ್ಲು ನಿಲ್ಲುವುದು ಸಾಮಾನ್ಯವಾಗಿ ಸತ್ತ ಮೇಲೆ. ಕಾದಿ ಗೆದ್ದು, ಗಾಯ ಮಾಯಿಸಿಕೊಂಡು, ಮರುವರ್ಷವೂ ದಂಡಿಗೆ ಹೋದವನಿಗೆ ಕಲ್ಲಿಲ್ಲ. ತನ್ನ ಹತ್ತು ಜನರನ್ನೂ ಜೀವಸಹಿತ ಮನೆಗೆ ಕರೆತಂದ ನಾಯಕನಿಗಂತೂ ಇಲ್ಲವೇ ಇಲ್ಲ.

ಕಲ್ಲಿಲ್ಲದವರಿಗೆ ಹಾಡಾದರೂ ಇತ್ತೇ ಎಂದು ಕೇಳಬಹುದು. ಹೊಸಪೇಟೆಯಿಂದ ತುಂಗಭದ್ರೆಯ ಗುಂಟ ಕೆಳಕ್ಕೆ ಹೋದರೆ ಕಂಪ್ಲಿ. ಹನ್ನೊಂದನೆಯ ಶತಮಾನದಲ್ಲಿ ಅಲ್ಲಿದ್ದ ಚಾಲುಕ್ಯರ ಅರಮನೆಯನ್ನು ಚೋಳ ರಾಜಾಧಿರಾಜನು ಕೆಡವಿದ್ದನು. ಹದಿನಾಲ್ಕನೆಯ ಶತಮಾನದ ಮೊದಲಲ್ಲಿ ಕಂಪಿಲರಾಯನೂ ಅವನ ಮಗ ಕುಮಾರರಾಮನೂ ಮೆರೆದ ರಾಜ್ಯಕ್ಕೆ ಹೆಸರಿತ್ತದ್ದು ಆ ಊರೇ. ದೆಹಲಿಯ ಮುಹಮ್ಮದ್ ಬಿನ್ ತುಘಲಕನ ವಿರುದ್ಧ ಬಂಡೆದ್ದು ಓಡಿಬಂದ ಬಹಾವುದ್ದೀನ್ ಗುರ್ಶಾಸ್ಪನಿಗೆ ಆಶ್ರಯ ಕೊಟ್ಟ ಕಾರಣ, 1327ರಲ್ಲಿ ಆ ರಾಜ್ಯ ಅಳಿಯಿತು. ಕುಮಾರರಾಮನ ಕಥೆಯನ್ನು ಜನ ಹಾಡಿ ಉಳಿಸಿಕೊಂಡರು. ಸುಮಾರು ಎರಡು ಶತಮಾನಗಳ ಮೇಲೆ ನಂಜುಂಡ ಕವಿ ಅದನ್ನು ಸಾಂಗತ್ಯದಲ್ಲಿ ಬರೆದನು. ರಾಮನ ಜೊತೆಗಾರ ಕಾಟಣ್ಣನ ಹೆಸರೂ ಹಾಗೆ ಉಳಿಯಿತು. ಆದರೆ ಕುಮ್ಮಟದ ಕೋಟೆಯ ಒಂದೊಂದು ಕೊತ್ತಳವನ್ನು ಕಾದು ಹಿಡಿದ ಸಣ್ಣ ನಾಯಕರ ಹೆಸರುಗಳು ಹಾಡಿನಲ್ಲಿ ಉಳಿಯಲಿಲ್ಲ. ಹಾಡು ದೊಡ್ಡವರನ್ನು ಹುಡುಕಿಕೊಂಡು ಹೋಗುತ್ತದೆ. ಅದು ಹಾಡಿನ ಸ್ವಭಾವ.

ಬದುಕಿರುವವನ ಲೆಕ್ಕ ಇಡಲು ಕಲ್ಲಾಗಲಿ ಹಾಡಾಗಲಿ ಸಾಲದು, ಕಚೇರಿ ಬೇಕು. ಅಂಥ ಕಚೇರಿಯನ್ನು ಹಂಪೆಯಲ್ಲಿ ಕಣ್ಣಾರೆ ಕಂಡು ಬರೆದವನು 1443ರಲ್ಲಿ ಇಮ್ಮಡಿ ದೇವರಾಯನ ಆಸ್ಥಾನಕ್ಕೆ ಬಂದ ಪಾರಸಿಕ ರಾಯಭಾರಿ ಅಬ್ದುಲ್ ರಜಾಕ್. ಅರಮನೆಯ ಬಲಕ್ಕೆ ಕಂಬಗಳ ಒಂದು ದೊಡ್ಡ ಚಾವಡಿ. ಅಲ್ಲಿ ದಫ್ತರಗಳನ್ನು ಇಟ್ಟಿದ್ದರು, ಗುಮಾಸ್ತರು ಕುಳಿತಿದ್ದರು, ನಡುವೆ ದಣ್ಣಾಯಕನು ಕುಳಿತು ರಾಜ್ಯಕಾರ್ಯ ನಡೆಸುತ್ತಿದ್ದನು. ನಮ್ಮ ಹಂಪೆಯ ಮಾರ್ಗದರ್ಶಕರು ಇಂದಿಗೂ ‘ದಣ್ಣಾಯಕನ ಆವರಣ’ವೆಂದು ಒಂದು ಜಾಗವನ್ನು ತೋರಿಸುತ್ತಾರೆ. ಈ ಜನ ಎರಡು ರೀತಿಯಲ್ಲಿ ಬರೆಯುತ್ತಾರೆಂದು ರಜಾಕನು ಹೇಳುತ್ತಾನೆ. ಒಂದು, ಓಲೆಯ ಮೇಲೆ ಕಬ್ಬಿಣದ ಕಂಟದಿಂದ ಕೊರೆಯುವುದು. ಇನ್ನೊಂದು, ಕಪ್ಪು ಬಳಿದ ಹಾಳೆಯ ಮೇಲೆ ಮೆತು ಕಲ್ಲಿನ ಕಡ್ಡಿಯಿಂದ ಬಿಳಿಯ ಅಕ್ಷರ ಬರೆಯುವುದು. ಈ ಎರಡನೆಯದು ನಮ್ಮ ಕಡತವೆಂಬುದು ಕನ್ನಡಿಗರಿಗೆ ಕೂಡಲೆ ಹೊಳೆಯುತ್ತದೆ. ಬಟ್ಟೆಗೆ ಹುಣಿಸೆಬೀಜದ ಸರಿ, ಇದ್ದಲ ಮಸಿ ಹಚ್ಚಿ ಮಡಿಸಿ, ಬಳಪದಿಂದ ಬರೆಯುತ್ತಿದ್ದ ಪುಸ್ತಕ. ಇಂದು ಸರ್ಕಾರಿ ಕಚೇರಿಯಲ್ಲಿ ಧೂಳು ತಿನ್ನುವ ಕಾಗದದ ಕಟ್ಟಿಗೂ ನಾವು ಅದೇ ಹೆಸರಿಟ್ಟಿದ್ದೇವೆ.

ಆ ಕಾಲದ ಪದ್ಧತಿಯಂತೆ ಸೈನಿಕರಿಗೆ ನಾಲ್ಕು ತಿಂಗಳಿಗೊಮ್ಮೆ ಬೊಕ್ಕಸದಿಂದ ಸಂಬಳ ಸಲ್ಲುತ್ತಿತ್ತೆಂದೂ ರಜಾಕನು ಹೇಳಿದ್ದಾನೆ. ಸಂಬಳವೆಂದ ಮೇಲೆ ಪಟ್ಟಿ ಇರಲೇಬೇಕು. ಆ ಪಟ್ಟಿ ಹೇಗಿತ್ತೆಂಬುದನ್ನು ಕಣ್ಣಾನೂರಿನ ಕೋಠಿಯಲ್ಲಿ ತಾನೂ ಗುಮಾಸ್ತನಾಗಿದ್ದ ಪೋರ್ಚುಗೀಸ ದುವಾರ್ತೆ ಬಾರ್ಬೊಸನು ಸುಮಾರು 1518ರಲ್ಲಿ ಬರೆದ ಗ್ರಂಥದಲ್ಲಿ ವಿವರಿಸಿದ್ದಾನೆ. ವಿಜಯನಗರದ ಅರಸನ ದಂಡಿಗೆ ಒಬ್ಬನನ್ನು ಸೇರಿಸಿಕೊಳ್ಳುವಾಗ ಅವನ ಬಟ್ಟೆ ಕಳಚಿಸಿ, ಮೈಮೇಲಿನ ಗುರುತುಗಳನ್ನು ನೋಡಿ, ಎತ್ತರವನ್ನು ಅಳೆದು, ಹೆಸರು, ಹುಟ್ಟೂರು, ತಂದೆತಾಯಿಗಳ ಹೆಸರುಗಳೊಡನೆ ಎಲ್ಲವನ್ನೂ ಸಂಬಳದ ಪುಸ್ತಕದಲ್ಲಿ ಬರೆದುಕೊಳ್ಳುತ್ತಿದ್ದರು. ಹಾಗೆ ಬರೆಸಿಕೊಂಡವನಿಗೆ ಊರಿಗೆ ಹೋಗಲು ರಜೆ ಸಿಗುವುದೇ ಕಷ್ಟ. ಓಡಿಹೋಗಿ ಸಿಕ್ಕಿಬಿದ್ದರೆ ಕಠಿನವಾಗಿ ನಡೆಸಿಕೊಳ್ಳುತ್ತಿದ್ದರು. ಉತ್ತರದಲ್ಲಿ ಅಲಾವುದ್ದೀನ್ ಖಿಲ್ಜಿಯೂ ಸೈನಿಕನ ಚಹರೆ ಬರೆಸಿ, ಕುದುರೆಗೆ ಬರೆ ಹಾಕಿಸುತ್ತಿದ್ದನು. ಅಕ್ಬರನು ಅದನ್ನೇ ವಿಸ್ತಾರವಾಗಿ ನಡೆಸಿದನು. ಇದೆಲ್ಲದರ ಉದ್ದೇಶ ಒಂದೇ. ಒಬ್ಬನ ಸಂಬಳವನ್ನು ಇನ್ನೊಬ್ಬ ಹೊಡೆಯಬಾರದು. ಪಟ್ಟಿಯಲ್ಲಿರುವವನು ಕಣದಲ್ಲಿ ಇರಬೇಕು.

ಈ ಎಚ್ಚರಿಕೆ ಬರಿಯ ಅನುಮಾನದಿಂದ ಹುಟ್ಟಿದ್ದಲ್ಲ. ಸುಮಾರು 1535ರಲ್ಲಿ ಬರೆದ ನೂನಿಜನು ಸಾಳ್ವನಾಯಕನೆಂಬ ಒಬ್ಬ ದೊಡ್ಡ ಅಮರನಾಯಕನ ಲೆಕ್ಕ ಕೊಡುತ್ತಾನೆ. ಅವನ ಉತ್ಪತ್ತಿ 11 ಲಕ್ಷ ವರಹ. ಅದರಲ್ಲಿ ಮೂರರಲ್ಲೊಂದು ಪಾಲು ಅರಸನಿಗೆ. ಉಳಿದುದರಲ್ಲಿ 30,000 ಕಾಲಾಳು, 3,000 ಕುದುರೆ, 30 ಆನೆ ಸಾಕಬೇಕು. ಆದರೆ ಅವನು ಎಂದೂ ಪೂರ್ತಿ ದಂಡನ್ನು ಇಡುವುದಿಲ್ಲ, ಹೀಗೆ ಹಣ ಕೂಡಿಸುತ್ತಾನೆ ಎಂದು ನೂನಿಜನು ನೇರವಾಗಿ ಹೇಳಿಬಿಡುತ್ತಾನೆ. ಕಾಗದದ ಮೇಲಿನ ದಂಡು ಎಂಬುದು ಹೊಸ ಕಾಲದ ರೋಗವೆಂದು ತಿಳಿದವರು ಇದನ್ನು ಓದಬೇಕು.

ಅದಕ್ಕೇ ಅರಸನು ವರ್ಷಕ್ಕೊಮ್ಮೆ ತನ್ನ ಕಣ್ಣಿನಿಂದಲೇ ನೋಡುತ್ತಿದ್ದನು. ಕೃಷ್ಣದೇವರಾಯನ ಕಾಲದಲ್ಲಿ ಬಂದ ಡೊಮಿಂಗೊ ಪಾಯೆಸನು ಮಹಾನವಮಿಯ ನಂತರದ ದಂಡಿನ ನೋಟವನ್ನು ಬೆರಗಿನಿಂದ ಬಣ್ಣಿಸುತ್ತಾನೆ. ಊರಿನಿಂದ ಒಂದು ಹರಿದಾರಿ ಆಚೆ ಮಖಮಲ್ಲಿನ ಡೇರೆ. ಅಲ್ಲಿಯವರೆಗೆ ದಳಗಳ ಸಾಲು. ಹೂಬಿಟ್ಟ ಗುರಾಣಿಗಳವರು, ಬಿಲ್ಲಾಳುಗಳು, ಹತ್ತಿ ತುಂಬಿದ ಅಂಗಿಯ ಕೋವಿಕಾರರು, ತುರುಷ್ಕ ಬಿಲ್ಲು ಹಿಡಿದ ಮುಸಲ್ಮಾನ ಯೋಧರು. ಬಿಳಿಯುಡುಪಿನ ರಾಯನು ಕುದುರೆಯೇರಿ ಹಾದುಹೋಗುವಾಗ ಆಳುಗಳು ಗುರಾಣಿ ಬಡಿದು ಕೂಗಿದ ಸದ್ದಿಗೆ ಊರೇ ಬುಡಮೇಲಾಯಿತೆಂದು ಅವನಿಗೆ ತೋರಿತು. ಇದೇ ಒಂಬತ್ತು ದಿನದ ಹಬ್ಬದ ಕಾಲದಲ್ಲಿ ನಾಯಕರು ಕಾಣಿಕೆ ಒಪ್ಪಿಸುತ್ತಿದ್ದರು. ಸೇವೆಗೆ ಮೆಚ್ಚಿದ ಅರಸನು ಉತ್ತರೀಯ ಹೊದಿಸಿ ಗೌರವಿಸುತ್ತಿದ್ದನೆಂದು ನೂನಿಜನು ತಿಳಿಸಿದ್ದಾನೆ. ಇಂದಿನ ಸಭೆಗಳಲ್ಲಿ ನಾವು ಹೊದಿಸುವ ಶಾಲಿನಂತೆಯೇ ಎನ್ನಬಹುದು. ಆದರೆ ಆ ಉತ್ತರೀಯ ದೊರೆತದ್ದು ದೊಡ್ಡ ನಾಯಕನಿಗೆ. ಅವನ ಕೆಳಗಿನ ಸಣ್ಣ ನಾಯಕನ ಮಟ್ಟಿಗೆ ಅರಸನ ಕಡತ ಬರೆದದ್ದು ಮೈಮೇಲಿನ ಮಚ್ಚೆಯನ್ನು, ಮನಸ್ಸಿನೊಳಗಿನ ಧೈರ್ಯವನ್ನಲ್ಲ. ಅವನು ಯಾರೆಂಬುದಕ್ಕೆ ಲೆಕ್ಕವಿತ್ತು. ಎಂಥವನೆಂಬುದಕ್ಕೆ ಇರಲಿಲ್ಲ.

ಎಂಥವನೆಂಬ ಪ್ರಶ್ನೆ ಕಚೇರಿಯ ಪ್ರಶ್ನೆಯಾದದ್ದು ಬ್ರಿಟಿಷರ ದಂಡುಗಳಲ್ಲಿ. 1800ರಲ್ಲಿ ಬಳ್ಳಾರಿಯ ಸೀಮೆ ಕಂಪನಿಗೆ ಸೇರಿದ ಮೇಲೆ ಬಳ್ಳಾರಿ ಮದರಾಸು ಸೇನೆಯ ಒಂದು ಮುಖ್ಯ ಠಾಣ್ಯವಾಯಿತು. ಹತ್ತೊಂಬತ್ತನೆಯ ಶತಮಾನದ ನಡುವಿನಲ್ಲಿ, ಬಳ್ಳಾರಿಯ ಬಿಸಿಲಿಗೆ ಬಳಲಿದ ಬಿಳಿಯ ಸೋಲ್ಜರುಗಳಿಗೆಂದು ಸಂಡೂರಿನ ರಾಮನದುರ್ಗದ ಬೆಟ್ಟದ ಮೇಲೆ ಆರೋಗ್ಯಧಾಮ ಕಟ್ಟಿದರು. ಬೆಟ್ಟ ಹತ್ತಬೇಕಾದರೂ ಮೇಲಿನವರ ಕಾಗದ ಬೇಕು, ಪಟ್ಟಿ ಏರಬೇಕಾದರೂ ಮೇಲಿನವರ ಕಾಗದ ಬೇಕು ಎಂಬ ಕಾಲ ಅದು. ಸಂಡೂರಿನ ಇನ್ನೊಂದು ಬೆಟ್ಟದಲ್ಲಿ ದೇವಸೇನಾನಿಯಾದ ಕುಮಾರಸ್ವಾಮಿ ಇದ್ದಾನೆ. ಅವನ ಗುಣಪತ್ರವನ್ನು ಯಾರೂ ಕೇಳಿದವರಿಲ್ಲ. ಮನುಷ್ಯರ ಸೇನೆಯಲ್ಲಿ ಹಾಗಾಗುವುದಿಲ್ಲ.

ಕಂಪನಿಯ ಮೂರು ಸೇನೆಗಳಲ್ಲಿ ಬಡ್ತಿಯ ಬಗೆಗೆ ಎರಡು ಮತಗಳಿದ್ದುವು. ಬಂಗಾಳದ ಸೇನೆಯಲ್ಲಿ ಸಿಪಾಯಿಯು ನಾಯಕನೂ ಹವಾಲ್ದಾರನೂ ಆಗುತ್ತಿದ್ದುದು ಹಿರಿತನದ ಪ್ರಕಾರ. ಪಂಚಾಂಗ ನೋಡಿದರೆ ಸಾಕು. ಯಾರ ಅಭಿಪ್ರಾಯವೂ ಬೇಡ. ಪಕ್ಷಪಾತಕ್ಕೆ ಎಡೆಯಿಲ್ಲವೆಂಬುದು ಅದರ ಗುಣ. ಸುಬೇದಾರರಾಗುವ ಹೊತ್ತಿಗೆ ತಲೆ ನರೆತು ಕಾಲು ಸೋತಿರುತ್ತಿದ್ದುದು ಅದರ ದೋಷ. ಮದರಾಸು, ಮುಂಬಯಿ ಸೇನೆಗಳಲ್ಲಿ ಯೋಗ್ಯತೆ ನೋಡಿ ಆರಿಸುವ ಪದ್ಧತಿ ಹೆಚ್ಚು. 1857ರ ದಂಗೆ ಬಂಗಾಳದ ಸೇನೆಯಲ್ಲಿಯೇ ಹೆಚ್ಚಾಗಿ ಹಬ್ಬಿದುದಕ್ಕೆ ಕಾರಣಗಳನ್ನು ಎಣಿಸಿದವರು ಇದನ್ನೂ ಒಂದು ಕಾರಣವಾಗಿ ಎಣಿಸಿದ್ದುಂಟು. ಅದು ಹೇಗೇ ಇರಲಿ, ಯೋಗ್ಯತೆಯನ್ನು ಆರಿಸಬೇಕೆಂದ ಮೇಲೆ ಯೋಗ್ಯತೆಯನ್ನು ಯಾರಾದರೂ ಅಳೆಯಬೇಕು, ಅಳೆದದ್ದನ್ನು ಬರೆಯಬೇಕು. ಅಲ್ಲಿಂದ ಮುಂದೆ ಮೇಲಧಿಕಾರಿಯ ಲೇಖನಿಗೆ ಕತ್ತಿಯ ಹರಿತ ಬಂತು.

ಕಂಪನಿ ಸರ್ಕಾರ 1837ರಲ್ಲಿ ಭಾರತೀಯ ಸೈನಿಕರಿಗಾಗಿ ಆರ್ಡರ್ ಆಫ್ ಮೆರಿಟ್ ಎಂಬ ಮೂರು ದರ್ಜೆಗಳ ಪದಕವನ್ನು ಸ್ಥಾಪಿಸಿತು. ಎದ್ದುಕಾಣುವ ಒಂದು ಸಾಹಸಕ್ಕೆ ಮೂರನೆಯ ದರ್ಜೆ, ಮತ್ತೊಂದಕ್ಕೆ ಎರಡನೆಯದು, ಮೂರನೆಯ ಬಾರಿಗೆ ಮೊದಲನೆಯದು. 1888ರಲ್ಲಿ ದೀರ್ಘಸೇವೆ ಮತ್ತು ಸನ್ನಡತೆಯ ಪದಕವೂ ಬಂತು. ಒಂದು ಒಂದು ಕ್ಷಣದ ಕೆಲಸಕ್ಕೆ. ಇನ್ನೊಂದು ಹಲವು ವರ್ಷಗಳ ಒಟ್ಟು ನಡತೆಗೆ. ಮೊದಲನೆಯದನ್ನು ಬರೆಯುವುದು ಸುಲಭ, ನೋಡಿದವರಿರುತ್ತಾರೆ. ಎರಡನೆಯದೇ ಕಷ್ಟ. ಏನೂ ಕೆಡದಂತೆ ನೋಡಿಕೊಂಡವನ ಕೆಲಸ ಕಣ್ಣಿಗೆ ಬೀಳುವುದಿಲ್ಲ.

ಇನ್ನು ಸ್ವತಂತ್ರ ಭಾರತದ ಸೇನೆಯ ಮಾತು. ಹವಾಲ್ದಾರನ ವಾರ್ಷಿಕ ಗೋಪ್ಯ ವರದಿಯನ್ನು ಅವನ ಹತ್ತಿರದ ಮೇಲಧಿಕಾರಿ ಬರೆಯುತ್ತಾನೆ, ಅವನ ಮೇಲಿನವನು ಪರಿಶೀಲಿಸುತ್ತಾನೆ. ಈ ಶತಮಾನದ ಆರಂಭದ ವರ್ಷಗಳಲ್ಲಿ ಜಾರಿಯಲ್ಲಿದ್ದ ನಿಯಮದಂತೆ, ಹವಾಲ್ದಾರನು ನಾಯಬ್ ಸುಬೇದಾರನಾಗಬೇಕಾದರೆ ಅವನ ಕೊನೆಯ 5 ವರದಿಗಳಲ್ಲಿ 3 ಆದರೂ ‘ಹೈ ಆವರೇಜ್’ ಇರಬೇಕು. ಉಳಿದವು ‘ಆವರೇಜ್’ಗಿಂತ ಕೆಳಗಿರಕೂಡದು. ನಮ್ಮ ನೆರೆಯವರ ಮಾತಿನ ಅರ್ಥ ಆಗ ನನಗೆ ತಿಳಿಯಿತು. ‘ಆವರೇಜ್’ ಎಂಬುದು ಬೈಗುಳವಲ್ಲ. ಬರೆದವನಿಗೆ ಅದರಲ್ಲಿ ದ್ವೇಷವೂ ಇಲ್ಲದಿರಬಹುದು. ಆದರೂ ಆ ಮಾತು ಮೂರು ಸಲ ಬಿದ್ದರೆ ಒಬ್ಬನ ಬಡ್ತಿ ಹೋಗುತ್ತದೆ. ಬಡ್ತಿಯೊಡನೆ ಕೆಲವು ವರ್ಷಗಳ ಸೇವೆ, ನಿವೃತ್ತಿವೇತನ, ಮಕ್ಕಳ ಓದು ಇವೂ ಕರಗುತ್ತವೆ.

ಈ ಸೂಕ್ಷ್ಮವನ್ನು ನಮ್ಮ ಸರ್ವೋಚ್ಚ ನ್ಯಾಯಾಲಯವೂ ಕಂಡಿತು. 2008ರ ಮೇ ತಿಂಗಳಲ್ಲಿ ತೀರ್ಪಾದ ದೇವದತ್ತ ಎಂಬವರ ಮೊಕದ್ದಮೆಯಲ್ಲಿ ವಾದಿಯು ಗಡಿರಸ್ತೆ ಸಂಸ್ಥೆಯ ಎಂಜಿನಿಯರು. ಬಡ್ತಿಗೆ ಐದು ವರ್ಷವೂ ‘ವೆರಿ ಗುಡ್’ ಬೇಕಿತ್ತು. ಒಂದು ವರ್ಷ ಮಾತ್ರ ‘ಗುಡ್’ ಎಂದು ಬಿದ್ದಿತ್ತು. ಅದನ್ನು ಅವರಿಗೆ ತಿಳಿಸಿಯೂ ಇರಲಿಲ್ಲ. ಕೆಟ್ಟ ಮಾತನ್ನು ಮಾತ್ರ ತಿಳಿಸಬೇಕೆಂಬುದು ಹಳೆಯ ಕಟ್ಟಳೆ. ಆದರೆ ಬಡ್ತಿ ತಪ್ಪಿಸುವ ‘ಗುಡ್’ ಕೂಡ ಕೆಟ್ಟ ಮಾತೇ ಅಲ್ಲವೆ? ಆದ್ದರಿಂದ ವರದಿಯ ಪ್ರತಿಯೊಂದು ನಮೂದನ್ನೂ ನೌಕರನಿಗೆ ತಿಳಿಸಬೇಕೆಂದು ನ್ಯಾಯಾಲಯ ಹೇಳಿತು. ಮಿಲಿಟರಿ ಅಧಿಕಾರಿಗಳಿಗೆ ಇದು ಅನ್ವಯಿಸದೆಂದೂ ಅಲ್ಲಿಯೇ ಸ್ಪಷ್ಟಪಡಿಸಿತು. ಮರುವರ್ಷ ಕೇಂದ್ರ ಸರ್ಕಾರ ತನ್ನ ನಾಗರಿಕ ನೌಕರರ ವರದಿಯ ಹೆಸರಿನಿಂದ ‘ಗೋಪ್ಯ’ವನ್ನು ತೆಗೆದು, ಪೂರ್ತಿ ವರದಿಯನ್ನು ತೋರಿಸುವ ಪದ್ಧತಿ ತಂದಿತು. ಅಮೆರಿಕದ ಸೇನೆಯಲ್ಲಿ ಹವಾಲ್ದಾರನಿಗೆ ಸಮನಾದ ಸಾರ್ಜೆಂಟನು ತನ್ನ ವರದಿಯನ್ನು ತಾನೇ ಓದಿ ಸಹಿ ಮಾಡುತ್ತಾನೆ. ವರ್ಷದಲ್ಲಿ ತಾನು ಮಾಡಿದ ಕೆಲಸಗಳನ್ನು ಮೊದಲೇ ಒಂದು ನಮೂನೆಯಲ್ಲಿ ಬರೆದುಕೊಡುತ್ತಾನೆ.

ತೆರೆದ ವರದಿಯೇ ಎಲ್ಲ ರೋಗಕ್ಕೂ ಮದ್ದೆಂದು ಹೇಳಲಾರೆ. ಓದುವವನು ಎದುರಿಗೆ ಕುಳಿತಿದ್ದಾನೆಂದರೆ ಬರೆಯುವವನ ಕೈ ಮೆತ್ತಗಾಗುತ್ತದೆ. ಎಲ್ಲರೂ ‘ಅತ್ಯುತ್ತಮ’ರಾಗುತ್ತಾರೆ. ಕಡೆಕಡೆಯ ವೀರಗಲ್ಲುಗಳಲ್ಲಿ ಎಲ್ಲರೂ ಸುರಲೋಕಕ್ಕೆ ಹೋದಂತೆಯೇ ಇದು. ಗುಟ್ಟಿನ ವರದಿಯಲ್ಲಿ ಅನ್ಯಾಯದ ಭಯ. ಬಯಲಿನ ವರದಿಯಲ್ಲಿ ಮುಖಸ್ತುತಿಯ ಭಯ. ಹಾಗಾದರೆ ದಾರಿ ಯಾವುದು?

ವ್ಯಾಕರಣ ಕಲಿಸುವವನಿಗೆ ತೋರುವ ದಾರಿ ಇದು. ಗುಣವಾಚಕವನ್ನು ನಂಬಬೇಡಿ, ಕ್ರಿಯಾಪದವನ್ನು ನಂಬಿ. ಶೂರ, ಧೀರ, ದಕ್ಷ, ಉತ್ತಮ, ಸಾಧಾರಣ ಇವೆಲ್ಲ ಬರೆಯುವವನ ಮನಸ್ಸನ್ನು ತಿಳಿಸುತ್ತವೆ. ಕಾದಿದನು, ಕೊಟ್ಟನು, ಬೇಡಿದನು, ಸತ್ತನು ಇವು ಬರೆಸಿಕೊಂಡವನನ್ನು ತಿಳಿಸುತ್ತವೆ. ಮಣಲೇರನಿಗೆ ಯಾವ ಬಿರುದುಗಳಿದ್ದುವೋ ನಮಗೆ ನೆನಪಿಲ್ಲ. ಅವನು ಊರ ಜೊತೆಗೆ ಒಂದು ನಾಯಿಯನ್ನು ಬೇಡಿದನೆಂಬುದು ಸಾವಿರ ವರ್ಷದ ಮೇಲೂ ನೆನಪಿದೆ. ಅದೊಂದರಿಂದ ಅವನ ಸ್ವಭಾವ ಕಣ್ಣಿಗೆ ಕಟ್ಟುತ್ತದೆ. ಆನೆಗೆ ಎದುರಾದನೆಂಬ ಒಂದು ಮಾತು ನಾಗತ್ತರನನ್ನು ಉಳಿಸಿದೆ. ಹತ್ತು ಜನ ಕಂಡ ಒಂದು ಕೆಲಸವನ್ನು ಹಾಗೆಯೇ ಬರೆದರೆ ಅದರಲ್ಲಿ ಮುಖಸ್ತುತಿಗೂ ದ್ವೇಷಕ್ಕೂ ಎಡೆ ಕಡಿಮೆ.

ಕೆಲವು ದಿನಗಳ ಮೇಲೆ ಇದನ್ನೆಲ್ಲ ನಮ್ಮ ನೆರೆಯ ಹವಾಲ್ದಾರರಿಗೆ ಹೇಳಿದೆ. ಅವರು ಸ್ವಲ್ಪ ಹೊತ್ತು ಸುಮ್ಮನಿದ್ದು, “ಒಬ್ಬ ಸಾಹೇಬರು ವರ್ಗವಾಗಿ ಹೋಗೋ ದಿನ ನನ್ನನ್ನ ಕರೆದು, ನಿನ್ನ ಬಗ್ಗೆ ಒಂದು ಮಾತು ಬರೆದೀನಿ ಅಂತ ಓದಿ ಹೇಳಿದ್ರು” ಎಂದರು. ಹಿಮ ಬೀಳುತ್ತಿದ್ದ ಒಂದು ರಾತ್ರಿ, ಠಾಣೆಗೆ ಮರಳಿದ ಮೇಲೆ ಇವರು ತಮ್ಮ ಜನರನ್ನು ಎಣಿಸಿದರಂತೆ. ಒಬ್ಬ ಕಡಿಮೆ ಇದ್ದ. ಯಾರ ಅಪ್ಪಣೆಗೂ ಕಾಯದೆ ಹಿಂದಕ್ಕೆ ಹೋಗಿ ಅವನನ್ನು ಹೊತ್ತು ತಂದರಂತೆ. ಸಾಹೇಬರು ಬರೆದದ್ದು ಅಷ್ಟೇ, ಒಂದು ವಾಕ್ಯ. “ಉಳಿದ ವರ್ಷ ಏನೇನು ಬರೆದ್ರೋ, ನನಗೇನು ನೆನಪಿಲ್ಲ ಮೇಷ್ಟ್ರೆ. ಅದೊಂದು ಬಾಯಿಪಾಠ ಆಗೇತಿ.”

ಈ ಸಲ ನಡತೆಯ ಪತ್ರಗಳ ಕಾಲ ಬಂದಾಗ ನಾನು ಒಂದು ನಿಶ್ಚಯ ಮಾಡಿದೆ. ಅಚ್ಚಾದ ನಮೂನೆಯನ್ನು ಬದಲಿಸುವ ಅಧಿಕಾರ ನನಗಿಲ್ಲ. ಆದರೆ ‘ನಡತೆ ಒಳ್ಳೆಯದು’ ಎಂಬುದರ ಕೆಳಗೆ ಎರಡು ಬೆರಳು ಖಾಲಿ ಜಾಗವಿದೆ. ಅಲ್ಲಿ, ನನಗೆ ಗೊತ್ತಿದ್ದವರ ಬಗೆಗೆ, ಅವರು ಮಾಡಿದ ಒಂದು ಕೆಲಸವನ್ನು ಬರೆಯತೊಡಗಿದೆ. ಒಬ್ಬಳು ಎರಡು ವರ್ಷ ಗ್ರಂಥಾಲಯದ ಹರಿದ ಪುಸ್ತಕಗಳಿಗೆ ರಟ್ಟು ಹಾಕಿದಳು. ಒಬ್ಬನು ಕಣ್ಣು ಕಾಣದ ಸಹಪಾಠಿಗೆ ಪಾಠ ಓದಿ ಹೇಳಿದನು. ಅರವತ್ತು ಪತ್ರಗಳಲ್ಲಿ ಹದಿನೆಂಟಕ್ಕೆ ಮಾತ್ರ ಹೀಗೆ ಬರೆಯಲಾಯಿತು. ಉಳಿದ ನಲವತ್ತೆರಡು ವಿದ್ಯಾರ್ಥಿಗಳು ಏನೂ ಮಾಡಲಿಲ್ಲವೆಂದಲ್ಲ, ನಾನು ನೋಡಿರಲಿಲ್ಲ. ಮುಂದಿನ ವರ್ಷ ನೋಡಬೇಕು.